ಬಾಳೆಹಣ್ಣಿಗೆ ಹೊಲಿಗೆ ಹಾಕಿಸಿದ ಮಾನಮ್ಮ

ಮಾನಮ್ಮ ತೀರಿಕೊಂಡು ಇಪ್ಪತ್ತು ದಿನವಾಯಿತು. ಕಲಬುರಗಿಯ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಇಪ್ಪತ್ತಾರು ವರ್ಷ ನರ್ಸ್ ಆಗಿದ್ದಳು. ಶಾಲೆಯಲ್ಲಿ ಪಾಠ ಹೇಳುವ ನಾನೂ ಅವಳೂ ಅದೇ ಊರಿನ ಗಾಜಿಪುರ ಬಡಾವಣೆಯಲ್ಲಿ ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಇದ್ದೆವು.

ಸರ್ಜರಿ ಕಲಿಯುವ ಡಾಕ್ಟರರಿಗೆ ಆರು ತಿಂಗಳಿಗೊಮ್ಮೆ ಐದಕ್ಕೆ ಇಷ್ಟು ಎಂದು ಅಂಕ ಕೊಡುವ ಫಾರ್ಮು ಇತ್ತು. ಹಿರಿಯರು ಎಲ್ಲರಿಗೂ ಐದೇ ಬರೆಯುತ್ತಿದ್ದರು. ಯಾರ ಮನಸ್ಸೂ ನೋಯುತ್ತಿರಲಿಲ್ಲ. ರೋಗಿಗಳ ಮನಸ್ಸನ್ನು ಫಾರ್ಮು ಕೇಳುತ್ತಿರಲಿಲ್ಲ. ನರ್ಸಿನ ಅಂಕವೂ ಇರಲಿ ಎಂಬ ಹೊಸ ನಿಯಮ ಬಂದಾಗ, ಅವಳೂ ಐದು ಬರೆದು ಸಹಿ ಹಾಕುತ್ತಾಳೆಂದೇ ಎಲ್ಲರೂ ತಿಳಿದಿದ್ದರು.

ಅವಳು ತವರೂರು ಕಮಲಾಪುರದಿಂದ ಕೆಂಪು ಬಾಳೆಹಣ್ಣು ತಂದಳು. ಸಿಪ್ಪೆ ಸೀಳಿ, ಹೊಲಿಯಿರಿ ಎಂದು ಕಲಿಯುವ ಡಾಕ್ಟರರ ಕೈಗೆ ಕೊಟ್ಟಳು. ದಾರ ಅತಿಯಾಗಿ ಬಿಗಿದಲ್ಲೆಲ್ಲ ಮರುದಿನ ಸಿಪ್ಪೆ ಕಪ್ಪಾಗುತ್ತದೆ. ಸಾಯಿಕುಮಾರ ಎಂಬ ಡಾಕ್ಟರನ ಹಣ್ಣು ಉದ್ದಕ್ಕೂ ಕಪ್ಪಾಗಿತ್ತು. ಎರಡು ಅಂಕ ಕೊಟ್ಟಳು. ಯಾರೊಬ್ಬರು ಮೂರಕ್ಕಿಂತ ಕಡಿಮೆ ಕೊಟ್ಟರೂ ಸ್ವತಂತ್ರವಾಗಿ ಆಪರೇಷನ್ ಮಾಡುವ ಅನುಮತಿ ಇಲ್ಲ.

ವಿಭಾಗದ ಮುಖ್ಯಸ್ಥ ಗುರುಪ್ರಸಾದರು ಅವಳನ್ನು ಕರೆದು, ಹುಡುಗ ಒಳ್ಳೆಯವನು, ಸ್ವಲ್ಪ ಹೆಚ್ಚಿಸಿ ಎಂದರು.

“ಹಣ್ಣಿಗೆ ಹೇಳ್ರಿ ಸರ್,” ಅಂದಳಂತೆ.

ಸಾಯಿಕುಮಾರ ಅವಳೊಡನೆ ಮಾತು ಬಿಟ್ಟ, ಹೊಲಿಯುವುದನ್ನು ಬಿಡಲಿಲ್ಲ. ಹೊಲಿಗೆ ಬಿಚ್ಚಿ ಅವಳು ಮನೆಗೆ ತರುತ್ತಿದ್ದ ಹಣ್ಣು ತಿಂದು ತಿಂದು ನನಗೆ ಸಾಕಾಯಿತು.

ಅಷ್ಟರಲ್ಲಿ ಅವಳ ಕರುಳಿನಲ್ಲೇ ಗಡ್ಡೆ ಕಂಡಿತು. ಆಪರೇಷನ್ ಗುರುಪ್ರಸಾದರು ಮಾಡಲಿ, ಕೊನೆಗೆ ಚರ್ಮ ಮಾತ್ರ ಸಾಯಿಕುಮಾರ ಹೊಲಿಯಲಿ ಎಂದಳು. ನಾನು ಜಗಳವಾಡಿದೆ. ಎಲ್ಲರಿಗೂ ಐದು ಕೊಡುವವರ ಕೈಗೆ ಹೊಟ್ಟೆ ಕೊಟ್ಟಾಗ ನೀನು ಸುಮ್ಮನಿದ್ದೆಯಲ್ಲ ಎಂದು ನಕ್ಕಳು.

ಐದನೆಯ ದಿನ ಪಟ್ಟಿ ಬಿಚ್ಚಿದಾಗ, ನನ್ನಿಂದ ಕನ್ನಡಿ ಹಿಡಿಸಿ ಗಾಯ ನೋಡಿಕೊಂಡಳು. ಸಾಯಿಕುಮಾರ ಮಂಚದ ಪಕ್ಕ ನಿಂತಿದ್ದ.

“ನಾಕು,” ಅಂದಳು.

“ಇನ್ನೊಂದ್ ಯಾಕ್ ಹೋಯ್ತ್ರಿ ಸಿಸ್ಟರ್?”

“ಕೆಳಗಿನ ಹೊಲಿಗಿ ಬಿಗಿ ಆಗ್ಯಾದ, ಕೆಮ್ಮಿದ್ರ ಹಿಡೀತದ್ರಿ ಡಾಕ್ಟ್ರೇ. ಉಳಿದದ್ದು ಛಂದ ಅದ.”

ಆ ಸಲದ ಫಾರ್ಮನ್ನು ಮಲಗಿಯೇ ತುಂಬಿದಳು. ಗಾಯ ಚೆನ್ನಾಗಿ ಮಾಗಿತು. ರೋಗ ಅಷ್ಟರಲ್ಲೇ ಲಿವರಿಗೆ ಹೋಗಿತ್ತು. ಏಳು ತಿಂಗಳು ಬದುಕಿದಳು.

ಮೊನ್ನೆ ಸಾಯಿಕುಮಾರ ಮನೆಗೆ ಬಂದಿದ್ದ. ಅನುಮತಿ ಸಿಕ್ಕಿದೆ. ಆದರೆ ಅಷ್ಟೊಂದು ಐದುಗಳ ನಡುವೆ ಒಂದು ನಾಲ್ಕು ಕಂಡು ಗಾಬರಿಯಾದ, ಅನುಮತಿ ಕೊಡುವ ಸಮಿತಿ, ಅವನನ್ನು ಕರೆಸಿ ಏನು ತಪ್ಪು ಮಾಡಿದೆ ಎಂದು ವಿಚಾರಿಸಿತ್ತಂತೆ. ಏನು ಹೇಳಿದಿರಿ ಎಂದು ಕೇಳಿದೆ.

“ಒಂದ್ ಹೊಲಿಗಿ ಬಿಗಿ ಆಗಿತ್ರಿ ಅಂದೆ, ಅಕ್ಕೋರೆ,” ಎಂದ. “ಯಾರ ಹೊಟ್ಟಿ ಅಂತ ಯಾರೂ ಕೇಳ್ಲಿಲ್ಲ.”