ಮಳವಳ್ಳಿಯ ಎಡಗೈ ಬಂದೂಕು

ನನ್ನ ತಮ್ಮ ಸಿದ್ದರಾಜುವಿನ ಪರವಾಗಿ ನಾನು ಒಂದೇ ಒಂದು ಮಾತು ಆಡಬೇಕಾಗಿತ್ತು. ಆಡಲಿಲ್ಲ. ಯುದ್ಧ ಮುಗಿದ ಮರುವರ್ಷ ನಾವಿಬ್ಬರೂ ಬಂದೂಕು ನೋಡಲು ಮಳವಳ್ಳಿಗೆ ಹೋಗಿದ್ದಾಗಿನ ಸಂಗತಿ ಇದು. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಯಲಿಯೂರಿನಲ್ಲಿ ಬೆಳಗಿನ ರೈಲು ಹತ್ತಿದೆ. ಹೊಲಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ನಮ್ಮ ಯಜಮಾನರು ಬರಬೇಕಾಗಿತ್ತು, ಆದರೆ ಅಂದು ನಮ್ಮ ಗದ್ದೆಗೆ ನಾಲೆ ನೀರಿನ ಸರದಿ ಬಿದ್ದಿತ್ತು. ಸಿದ್ದರಾಜು ಮಂಡ್ಯದಲ್ಲಿ ಹತ್ತಿಕೊಂಡ. ಅವನು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿಯ ಕೆಲವರು ಸೇರಿ ಭಾನುವಾರ ಕಾಗದದ ಗುರಿಗೆ ಗುಂಡು ಹೊಡೆಯುವ ಕ್ಲಬ್ಬು ಕಟ್ಟಿಕೊಂಡಿದ್ದರು. ಬೆಂಗಳೂರಿನ ಪಂದ್ಯಕ್ಕೆ ಸ್ವಂತ ಬಂದೂಕು ಇದ್ದವರನ್ನು ಮಾತ್ರ ಕಳುಹಿಸುತ್ತಾರಂತೆ. ಇವನ ಹತ್ತಿರ ಇರಲಿಲ್ಲ.

ಬಂದೂಕು ಇದ್ದದ್ದು ನಮ್ಮ ಭಾವನವರ ಮನೆಯಲ್ಲಿ. ಯಜಮಾನರ ಅಣ್ಣ ನಂಜೇಗೌಡರು ಶಿವನಸಮುದ್ರದ ಕರೆಂಟಿನ ಕಾರ್ಖಾನೆಯಲ್ಲಿ ದುಡಿದು ಮಳವಳ್ಳಿಯಲ್ಲಿ ಮನೆ ಮಾಡಿದ್ದರು. ಅವರ ಮೇಲಿದ್ದ ಇಂಗ್ಲಿಷ್ ದೊರೆ ತನ್ನ ಸೀಮೆಗೆ ಹೊರಡುವಾಗ ತಾನು ಹೇಳಿ ಮಾಡಿಸಿಕೊಂಡಿದ್ದ ರೈಫಲ್ಲನ್ನು ಅವರಿಗೆ ಕೊಟ್ಟು ಹೋಗಿದ್ದ. ಲೈಸೆನ್ಸಿನ ವಾಯಿದೆ ಮುಗಿಯುತ್ತಾ ಬಂದಿತ್ತು. "ಈ ವಾರದೊಳಗೆ ತಗೊಳ್ಳೋರು ಬಂದ್ರೆ ಸರಿ, ಇಲ್ದಿದ್ರೆ ಅಮಲ್ದಾರ್ರ ಕಚೇರಿಗೆ ಒಪ್ಪಿಸಿಬುಡ್ತೀನಿ" ಎಂದು ಹೇಳಿ ಕಳುಹಿಸಿದ್ದರು.

ಮದ್ದೂರಿನಲ್ಲಿ ಇಳಿದು ಬಸ್ಸಿಗೆ ಕಾದೆವು. ಪೆಟ್ರೋಲು ಸಿಗದ ಕಾಲ. ಬಸ್ಸು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿತ್ತು. ಹಿಂದೆ ಒಲೆಯಂಥ ಒಂದು ಡಬ್ಬ, ಬಸ್ಸಿನ ತುಂಬ ಹೊಗೆ. ಮಳವಳ್ಳಿಗೆ ತಲೆಗೆ ಎಂಟಾಣೆ. ಊರು ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ಏರು ಸಿಕ್ಕಿತು. ಕಂಡಕ್ಟರು, "ಗಂಡಸ್ರು ಇಳ್ಕಳ್ರಪ್ಪ, ನೂಕ್ಬೇಕು" ಎಂದ.

ಮುಂದಿನ ಸೀಟಿನ ಮುದುಕ, "ಚಾರ್ಜೂ ನಮ್ದು, ನೂಕೋದೂ ನಾವೇಯಾ? ಅಂಗಾದ್ರೆ ನೀನ್ಯಾಕ್ಲಾ ಇದ್ದೀಯೆ?" ಎಂದು ಗೊಣಗಿಕೊಂಡೇ ಇಳಿದ.

ನೂಕಿ ಬಂದು ಕೂತ ಸಿದ್ದರಾಜು ನಗುತ್ತಿದ್ದ. ಆ ನಗುವನ್ನು ನಾನೇ ಕೆಡಿಸಿದೆ.

"ಭಾವನವ್ರ ಮುಂದೆ ಎಡಗೈ ಎತ್ತಬ್ಯಾಡ ಕಣ್ಲಾ" ಎಂದೆ.

"ಕ್ಲಬ್ಬಲ್ಲಿ ಎಡಗೈಲೇ ಒಡಿಯೋದು ಕಣಕ್ಕ. ಯಾರೂ ಏನೂ ಅನ್ನಾಕಿಲ್ಲ."

"ಕ್ಲಬ್ಬು ಬ್ಯಾರೆ, ನೆಂಟ್ರು ಬ್ಯಾರೆ."

ಅವನು ಕಿಟಕಿಯ ಕಡೆ ತಿರುಗಿದ.

ಇದಕ್ಕೆ ಹಿಂದಿನ ಕಥೆಯನ್ನು ಹೇಳಬೇಕು. ಅವ್ವ ಸತ್ತಾಗ ಅವನಿಗೆ ನಡೆಯಲು ಬರುತ್ತಿರಲಿಲ್ಲ. ಸಾಕಿದವಳು ನಾನು. ಅವನು ಹುಟ್ಟಾ ಎಡಚ. ತುತ್ತಿಗೂ ಬಳಪಕ್ಕೂ ಎಡಗೈಯೇ ಮುಂದೆ ಬರುತ್ತಿತ್ತು. ಹಳೆಯ ಸೀರೆಯ ಅಂಚು ಹರಿದು ಆ ಕೈಯನ್ನು ಸೊಂಟಕ್ಕೆ ಕಟ್ಟಿ ಉಣ್ಣಿಸುತ್ತಿದ್ದೆ. ಎಲ್ಲರ ಮನೆಯಲ್ಲೂ ಹಾಗೇ ಮಾಡುತ್ತಿದ್ದರು. ಆದರೂ ನನ್ನ ಮದುವೆಯಲ್ಲಿ ಅವನು ಮಾವನವರಿಗೆ ಎಡಗೈಯಲ್ಲಿ ತಾಂಬೂಲ ನೀಡಿಬಿಟ್ಟ. ಗಂಡಿನ ಕಡೆಯವರು ಎದ್ದು ನಿಂತರು. ಆಮೇಲೆ ಎಷ್ಟೋ ವರ್ಷ ನಾನು ಅತ್ತೆಮನೆಯಲ್ಲಿ 'ರೊಡ್ಡನ ಅಕ್ಕ', ಅಂದರೆ ಎಡಚನ ಅಕ್ಕ, ಆಗಿದ್ದೆ. ಅವನಿಗೆ ಬಲಗೈ ರೂಢಿಯಾಯಿತೆಂದು ನಾನು ಹೇಳಿ ಹೇಳಿ ಆ ಮಾತು ನಿಂತಿತ್ತು.

ಮಳವಳ್ಳಿ ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ವಾರಗಿತ್ತಿ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದಳು. ಸಿದ್ದರಾಜು ತಲೆ ಬಗ್ಗಿಸಿ ಬಲಗೈಯಲ್ಲಿ ಉಂಡ. ಊಟವಾದ ಮೇಲೆ ಭಾವನವರು ಕಂಬಳಿಯಲ್ಲಿ ಸುತ್ತಿದ್ದ ಬಂದೂಕನ್ನು ಜಗಲಿಗೆ ತಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಗಂಡನ ಅಣ್ಣನ ಎದುರು ನಿಂತು ಮಾತಾಡುವ ವಾಡಿಕೆ ನಮ್ಮಲ್ಲಿಲ್ಲ.

ಬಂದೂಕು ಕಪ್ಪಗೆ, ಉದ್ದವಾಗಿ ಇತ್ತು, ಎಣ್ಣೆ ವಾಸನೆ ಬರುತ್ತಿತ್ತು. ಮರದ ಮೇಲೆ ಕೆನ್ನೆ ಒರಗಿಸಲು ಒಂದು ಉಬ್ಬು. ಭಾವನವರು ಅದನ್ನು ಸವರಿದರು.

"ನಮ್ ದೊರೆ ಎಡಚ ಕಣ್ಲಾ. ಅವ್ನ ಎಡಭುಜಕ್ಕೆ ಅಳತೆ ತಗ್ದು ಮಾಡ್ಸಿದ್ದು. ಅದ್ಕೇ ಮರ ಇಂಗೆ ವಾಲ್ಕೊಂಡದೆ, ಈ ಉಬ್ಬು ಬಲಗಡೀಕದೆ. ಬಂದೋರೆಲ್ಲ ಎತ್ತಿ ನೋಡಿ ಮಡಗಿ ಓದ್ರು. ನಿಂಗಾದ್ರೂ ಒಗ್ತದೋ ನೋಡು."

ಸಿದ್ದರಾಜು ಬಂದೂಕು ನೋಡಲಿಲ್ಲ. ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದ. ಅವನ ಮುಖ ಬೆಳಗಿತ್ತು. ಲೋಕದಲ್ಲಿ ಅವನಿಗಾಗಿಯೇ ಮಾಡಿದ ಒಂದು ವಸ್ತು ಎದುರಿಗಿತ್ತು, ನಾನು ಹೂಂ ಅನ್ನಬೇಕಾಗಿತ್ತು ಅಷ್ಟೆ. ವಾರಗಿತ್ತಿ ಪಕ್ಕದಲ್ಲೇ ನಿಂತಿದ್ದಳು. ನಾನು ನೆಲ ನೋಡಿದೆ.

ಮನೆಯ ಹಿಂದಿನ ಹೊಲದಲ್ಲಿ ಮಣ್ಣಿನ ದಿಬ್ಬಕ್ಕೆ ಬಿಳಿ ಕಾಗದ ಚುಚ್ಚಿ, ನಡುವೆ ಮಸಿಯ ಬೊಟ್ಟು ಇಟ್ಟರು. ಸಿದ್ದರಾಜು ಬಂದೂಕನ್ನು ಬಲಭುಜಕ್ಕೆ ಏರಿಸಿದ. ಕೆನ್ನೆ ಎಲ್ಲೂ ಕೂರಲಿಲ್ಲ. ಮೊದಲ ಗುಂಡು ಕಾಗದಕ್ಕೇ ತಾಗಲಿಲ್ಲ. ಎರಡನೆಯದು ಅಂಚನ್ನು ಹರಿದುಕೊಂಡು ಹೋಯಿತು.

"ಏನ್ಲಾ, ಕಾರ್ಖಾನೇಲಿ ಗುರಿ ಒಡಿಯೋದ್ ಕಲಿತ್ಯೋ, ಕಬ್ಬಿನ ಸಿಪ್ಪೆ ಗುಡ್ಸೋದ್ ಕಲಿತ್ಯೋ?" ಎಂದು ಭಾವನವರು ನಕ್ಕರು. ವಾರಗಿತ್ತಿಯೂ ನಕ್ಕಳು. ನಾನೂ ಅವರ ಜೊತೆ ನಕ್ಕೆ. ಅದನ್ನು ಇಲ್ಲಿ ಬರೆಯದೆ ಬಿಡಬಹುದಾಗಿತ್ತು.

"ನಂಗೆ ಒಗ್ಗಾಕಿಲ್ಲ ಭಾವ" ಎಂದು ಸಿದ್ದರಾಜು ಬಂದೂಕನ್ನು ಒರೆಸಿ ಒಪ್ಪಿಸಿದ.

ಮಾರನೆಯ ದಿನ ಬೆಳಗಿನ ಬಸ್ಸಿಗೆ ಹೊರಟೆವು. ಕಾಳಮುದ್ದನದೊಡ್ಡಿಯಲ್ಲಿ ಇದ್ದಿಲು ತುಂಬಲು ಬಸ್ಸು ನಿಂತಿತು. ಇಳಿದು ಮರದ ನೆರಳಿಗೆ ಹೋದೆವು. ಸಿದ್ದರಾಜುವೇ ನನ್ನನ್ನು ಸಮಾಧಾನ ಮಾಡಿದ.

"ಓಗ್ಲಿ ಬುಡಕ್ಕ. ಬಂದೂಕಿಲ್ಲ ಅಂತ ಉಣ್ಣೋ ಇಟ್ಟು ಒಳಕ್ಕಿಳಿಯಾಕಿಲ್ವಾ?"

ಟೀ ಮಾರುವವನು ಲೋಟ ನೀಡಿದ. ಸಿದ್ದರಾಜುವಿನ ಎಡಗೈ ಮುಂದೆ ಹೋಯಿತು. ತಟ್ಟನೆ ನನ್ನ ಮುಖ ನೋಡಿ, ಅದನ್ನು ಹಿಂದಕ್ಕೆಳೆದುಕೊಂಡು ಬಲಗೈ ಚಾಚಿದ. ಅಲ್ಲಿ ನನ್ನ ಅತ್ತೆಮನೆಯವರು ಯಾರೂ ಇರಲಿಲ್ಲ. ಹೊಗೆ ಕಾರುವ ಬಸ್ಸು, ಗುರುತಿಲ್ಲದ ಜನ, ನಾನು. ಮೀಸೆ ಬಂದ ಗಂಡಸು ಹೆದರಿದ್ದು ನನಗೊಬ್ಬಳಿಗೆ.

"ಗಂಟು ಇಳಿಸ್ಕೊ" ಎಂದೆ. "ಮಳವಳ್ಳಿಗೆ ವಾಪಸ್ ಓಗಾನ."

"ಏನ್ ಮರ್ತು ಬಂದೆ?"

ನಾನು ಟೀಯವನನ್ನು ವಿಚಾರಿಸಿದೆ. ಮಳವಳ್ಳಿ ಕಡೆಗೆ ಬಸ್ಸು ಬರುವುದು ಸಂಜೆಗಂತೆ. ಹುಲ್ಲಿನ ಗಾಡಿಯೊಂದು ಸಿಕ್ಕಿತು. ಹುಲ್ಲಿನ ಮೇಲೆ ಕೂತು ಕುಲುಕಾಡುತ್ತಾ, ಧೂಳು ಕುಡಿಯುತ್ತಾ ಹೋದೆವು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಕಟ್ಟಿಕೊಂಡೆ, ಮನೆ ಕಂಡಾಗ ಎಲ್ಲ ಮರೆತುಹೋಯಿತು.

ಭಾವನವರು ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದರು. ನಾನು ಒಳಗೆ ಹೋಗಲಿಲ್ಲ. ಅಂಗಳದಲ್ಲೇ ನಿಂತು ಸೆರಗು ಹೊದ್ದು ಹೇಳಿದೆ: "ಭಾವ, ನಮ್ ಹುಡುಗ ಇನ್ನೂ ಎಡಚನೇ. ನಿನ್ನೆ ಬಲಗೈಲಿ ಒಡೆಸಿದ್ದು ನಾನು. ಇನ್ನೊಂದ್ ಸಲ ಬಂದೂಕು ಕೊಡಿ."

ಅವರು ಅಗಿಯುವುದನ್ನು ನಿಲ್ಲಿಸಿದರು. "ನಿನ್ನೆ ಯೋಳಕ್ಕೇನಾಗಿತ್ತಮ್ಮ?"

"ನಿಮ್ ಮನೇಲಿ ಮತ್ತೆ ಅನ್ನಿಸ್ಕೋಬೇಕಾಗ್ತದೆ ಅಂತ ಎದರಿದ್ದೆ."

ವಾರಗಿತ್ತಿ ಬಾಗಿಲಿಗೆ ಬಂದು ನಿಂತಳು. ಭಾವನವರು ಎದ್ದು ಒಳಗೆ ಹೋಗಿ ಕಂಬಳಿಯ ಸುತ್ತನ್ನು ತಂದರು.

ಸಿದ್ದರಾಜು ಎಡಭುಜಕ್ಕೆ ಏರಿಸಿದ. ಉಬ್ಬಿನ ಮೇಲೆ ಕೆನ್ನೆ ತಾನಾಗಿ ಕೂತಿತು. ಉಸಿರು ಬಿಗಿಹಿಡಿದ. ಗುಂಡು ಮಸಿಯ ಬೊಟ್ಟಿನ ಪಕ್ಕಕ್ಕೆ ಬಿತ್ತು. ಎರಡನೆಯದು ಬೊಟ್ಟಿಗೇ.

ಭಾವನವರು ಕಾಗದವನ್ನು ಕಿತ್ತು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನಮ್ ದೊರೆ ನಿಂತಂಗೇ ನಿಂತ್ಕತೀಯಲ್ಲಾ" ಎಂದರು. "ನಾಳೆ ಕಚೇರಿಗೆ ಓಗಿ ಅರ್ಜಿ ಆಕಾನ. ತಗೋತೀಯೇನ್ಲಾ?"

ಸಿದ್ದರಾಜು ನನ್ನ ಕಡೆ ನೋಡಿದ. ಈಗಲೂ ನನ್ನ ಅಪ್ಪಣೆ ಬೇಕಾಗಿತ್ತು ಅವನಿಗೆ.

ಭಾವನವರ ಎದುರಿಗೇ, ವಾರಗಿತ್ತಿಗೂ ಕೇಳುವ ಹಾಗೆ ಹೇಳಿದೆ: "ನನ್ ಮುಖ ನೋಡಬ್ಯಾಡ, ನಿನ್ ಇಷ್ಟ ಯೋಳು. ನಿನ್ ಕೈ ಕಟ್ಟಾಕ್ದೋಳು ನಾನೇ. ನಿನ್ನೆ ಎಲ್ರೂ ನಗೋವಾಗ ನಾನೂ ನಕ್ಬುಟ್ಟೆ. ತಪ್ಪಾಯ್ತು ಕಣಪ್ಪ, ಒಟ್ಟೆಗಾಕ್ಕೊ."