ಮಸ್ಕತ್ತಿನಲ್ಲಿ ಓಲೆಬೆಲ್ಲ

ವಿಟ್ಲದಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವ ನನ್ನ ಸೋದರಮಾವ ಮಸ್ಕತ್ತಿನಲ್ಲಿ ಆಫೀಸು ತೆರೆಯಲು ಹೊರಟಿದ್ದಾರೆ. ಅವರಿಗೆ ಹಿಂದಿ ಬಾರದು; ಮಾತಾಡಲು ಜನ ಬೇಕೆಂದು ನನ್ನನ್ನೂ ಕರೆತಂದಿದ್ದಾರೆ. ಲೈಸೆನ್ಸಿಗೆ ಮೊದಲು ಜಾಗ ನೋಡಲು ಇವತ್ತು ಬೆಳಿಗ್ಗೆ ಇನ್ಸ್‌ಪೆಕ್ಟರ್ ಬಂದರು. ಬಿಳಿ ನಿಲುವಂಗಿ, ಕಸೂತಿಯ ಟೋಪಿ, ಕೈಯಲ್ಲೊಂದು ಟ್ಯಾಬ್. ಇದ್ದದ್ದು ಒಂದು ಮೇಜು, ಮೂರು ಕುರ್ಚಿ. ನೋಡಿ ಮುಗಿಸಲು ಎರಡು ನಿಮಿಷ ಸಾಕಿತ್ತು.

ಆದರೆ ಬಂದವರಿಗೆ ಬೆಲ್ಲ, ನೀರು ಕೊಡದೆ ಮಾವ ಮಾತು ಆರಂಭಿಸುವವರಲ್ಲ. ತಾಳೆಯ ಓಲೆಯಲ್ಲಿ ಸುತ್ತಿ ಊರಿಂದ ತಂದ ಓಲೆಬೆಲ್ಲದ ತುಂಡನ್ನು ಹಾಳೆ ತಟ್ಟೆಯಲ್ಲಿಟ್ಟು, ಒಂದು ಲೋಟ ನೀರಿನೊಂದಿಗೆ ಮುಂದಿಟ್ಟರು.

ಇನ್ಸ್‌ಪೆಕ್ಟರ್ ಟ್ಯಾಬ್ ಒತ್ತುವುದನ್ನು ನಿಲ್ಲಿಸಿದರು. “ನಿಮ್ಮ ಅರ್ಜಿಯಲ್ಲಿ ತಟ್ಟೆ ವ್ಯಾಪಾರ ಅಂತ ಮಾತ್ರ ಇದೆ. ತಿನ್ನಲು ಕೊಡುವುದಾದರೆ ಬೇರೆ ಲೈಸೆನ್ಸ್ ಬೇಕು,” ಎಂದು ಹಿಂದಿಯಲ್ಲಿ ಹೇಳಿದರು. ಅದನ್ನು ಮಾವನಿಗೆ ತಿಳಿಸಿದೆ.

“ಬೆಲ್ಲಕ್ಕೆ ಲೈಸೆನ್ಸಾ? ಬಾಯಾರಿಕೆಗೆ ಕೊಟ್ಟದ್ದು ಅಂತ ಹೇಳು ಮಾರಾಯ್ತಿ! ಅವರು ಮುಟ್ಟದೆ ಹೋದರೆ ನನಗೆ ಈ ಆಫೀಸೇ ಬೇಡ.”

ಒಂದು ವರ್ಷದ ಓಡಾಟವೆಲ್ಲ ಆ ಬೆಲ್ಲದ ತುಂಡಿನ ಮೇಲೆ ಕುಳಿತಿತ್ತು. ಮಾವನ ಕೊನೆಯ ಮಾತನ್ನು ನಾನು ನುಂಗಿಕೊಂಡು, “ನಮ್ಮೂರಲ್ಲಿ ಏನಿದ್ದರೂ ಇದಾದ ಮೇಲೆಯೇ,” ಎಂದಷ್ಟೇ ಹೇಳಿದೆ.

ಅವರು ತಟ್ಟೆಯನ್ನೂ ಮಾವನ ಮುಖವನ್ನೂ ನೋಡಿದರು. ಬೆಲ್ಲ ಬಾಯಿಗಿಟ್ಟು, ನೀರು ಕುಡಿದು, ಟ್ಯಾಬಿನಲ್ಲಿ ಒಪ್ಪಿಗೆ ಒತ್ತಿದರು. ಆಮೇಲೆ ಚೀಲದಿಂದ ಖರ್ಜೂರದ ಡಬ್ಬಿ ತೆಗೆದು, “ನಮ್ಮಲ್ಲೂ ಹೀಗೆಯೇ,” ಎನ್ನುತ್ತಾ ನಾಲ್ಕು ಹಣ್ಣನ್ನು ಅದೇ ತಟ್ಟೆಗೆ ಹಾಕಿದರು.

ಮಾವ ಒಂದನ್ನು ಬಾಯಿಗೆ ಹಾಕಿಕೊಂಡು ನನ್ನ ಕಡೆ ವಾಲಿದರು.

“ಇವರ ಹತ್ತಿರ ಆ ಬೇರೆ ಲೈಸೆನ್ಸ್ ಉಂಟಾ ಕೇಳು.”