ಕ್ಲಿಫ್ ಇನ್ನೂ ಕಲಸಿಲ್ಲ

ಬೆಳಗಿನ ಐದೂವರೆ. ಇಂಗ್ಲೆಂಡಿನ ಹಲ್ ಪಟ್ಟಣದ ಹೆಸಲ್ ರಸ್ತೆಯ ಹಿಂದಿನ ಸಾಲುಮನೆಗಳಲ್ಲಿ ಒಂದೇ ಒಂದು ಅಡುಗೆಮನೆಯ ಕಿಟಕಿ ಬೆವರುತ್ತಿದೆ. ಒಳಗೆ ಮೇವಿಸ್ ಸ್ಟ್ಯಾದರ್ಸ್ ಪುಡಿಂಗ್ ಬೋಗುಣಿಯ ಬಾಯಿಗೆ ಬೆಣ್ಣೆ ಸವರಿದ ಕಾಗದ ಹೊದಿಸಿ, ನಡುವೆ ಒಂದು ನೆರಿಗೆ ಹಿಡಿಯುತ್ತಾರೆ. ಬೇಯುವಾಗ ಉಬ್ಬಲು ಜಾಗ ಬೇಕಲ್ಲ, ಅದಕ್ಕೆ. ಕಾಗದದ ಮೇಲೆ ಬಟ್ಟೆ, ಬಟ್ಟೆಯ ಸುತ್ತ ದಾರ. ದಾರದ ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ಬೆರಳಲ್ಲಿ. ಬೆರಳುಗಳು ಈಗ ಮಡಚುವುದಿಲ್ಲ. "ಹಲ್ಲಾದ್ರೂ ಸ್ವಂತದ್ದು ಇದೆ, ಬಿಡಿ" ಎನ್ನುತ್ತಾರೆ.

ಎಪ್ಪತ್ಮೂರರ ಮೇವಿಸ್ ಮನೆಯಲ್ಲೇ ಕ್ರಿಸ್ಮಸ್ ಕೇಕು, ಪುಡಿಂಗ್ ಮಾಡಿಕೊಡುವವರು. ಈ ಬೀದಿಗಳ ಆಚೆ ಅವರ ಹೆಸರು ಯಾರಿಗೂ ಗೊತ್ತಿಲ್ಲ. ಕೇಕುಗಳ ಕೆಲಸ ಅಕ್ಟೋಬರಿನಲ್ಲೇ ಮುಗಿದಿದೆ. ಹನ್ನೊಂದು ಕೇಕುಗಳು ಮಹಡಿ ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ಡಬ್ಬಿಯೊಳಗಿವೆ. ಭಾನುವಾರಕ್ಕೊಮ್ಮೆ ಹೆಣಿಗೆ ಕಡ್ಡಿಯಿಂದ ಚುಚ್ಚಿ, ಒಂದೊಂದಕ್ಕೂ ಒಂದು ಚಮಚ ರಮ್ ಕುಡಿಸುತ್ತಾರೆ. ಪುಡಿಂಗ್‌ಗಳು ಈ ವರ್ಷ ಹದಿನೆಂಟು ಮನೆಯವು. ದಿನಕ್ಕೆ ಆರು ಬೇಯುತ್ತವೆ, ಒಂದೊಂದಕ್ಕೆ ಎಂಟು ಗಂಟೆ. ಅರ್ಧ ಗಂಟೆಗೊಮ್ಮೆ ಕುದಿನೀರು ತುಂಬದಿದ್ದರೆ ಪಾತ್ರೆ ಬತ್ತಿ ಬೋಗುಣಿ ಬಿರಿಯುತ್ತದೆ. ಹಬೆಗೆ ಸುಟ್ಟ ಮಣಿಕಟ್ಟು ಗುಲಾಬಿ ಬಣ್ಣಕ್ಕೆ ತಿರುಗಿ ಹಾಗೇ ಉಳಿದಿದೆ. ಗೋಡೆಯ ಕಾಗದ ಮೂಲೆಗಳಲ್ಲಿ ಕಪ್ಪಾಗಿ ಸುರುಳಿ ಸುತ್ತಿದೆ.

ತಂದೆ ಮೀನು ಹಡಗಿನಲ್ಲಿ ಹೋದವರು ಹಿಂತಿರುಗಲಿಲ್ಲ. ಹದಿನೈದಕ್ಕೇ ಮೇವಿಸ್ ಮೀನು ಸೀಳುವ ಕೆಲಸಕ್ಕೆ ನಿಂತರು, ಮಂಜುಗಡ್ಡೆಯ ನೀರಿನಲ್ಲಿ ಕೈ. ಮದುವೆಯಾದ ಮೇಲೆ ಪುಡಿಂಗ್ ಕಲಿಸಿದ್ದು ಅತ್ತೆ. ಅತ್ತೆಯ ಜೊತೆಗೆ ಒಂದು ಕಟ್ಟಳೆಯೂ ಬಂತು. ಕ್ರಿಸ್ಮಸ್‌ಗೆ ಕಾಯುವ ಅಡ್ವೆಂಟ್ ವಾರಗಳಿಗೆ ಮುಂಚಿನ ಭಾನುವಾರ ಮನೆಯವರೆಲ್ಲ ಸರದಿಯಂತೆ ಹಿಟ್ಟು ಕಲಸಬೇಕು, ಮನಸ್ಸಿನಲ್ಲೇ ಒಂದು ಆಸೆ ಅಂದುಕೊಳ್ಳಬೇಕು. ಇದು ಈ ದೇಶದಲ್ಲೆಲ್ಲ ಇದೆ. ಆದರೆ ಸ್ಟ್ಯಾದರ್ಸ್ ಮನೆಯಲ್ಲಿ ಅದು ಕಟ್ಟುನಿಟ್ಟು: ಕಲಸದವರನ್ನು ಬಿಟ್ಟು ಬೇಯಿಸಿದರೆ ಅವರನ್ನು ಮನೆಯ ಲೆಕ್ಕದಿಂದ ತೆಗೆದ ಹಾಗೆ. ಹದಿನೆಂಟು ಮನೆಯವರೂ ಭಾನುವಾರ ಇಲ್ಲಿಗೇ ಬಂದು ತಂತಮ್ಮ ಬೋಗುಣಿ ಕಲಸಿ ಹೋಗಿದ್ದಾರೆ. ಹಾಸಿಗೆ ಹಿಡಿದ ಇಬ್ಬರ ಮಗ್ಗುಲಿಗೆ ಮೇವಿಸ್ ತಾವೇ ಹೊತ್ತೊಯ್ದಿದ್ದಾರೆ.

ಇಂದು ಬುಧವಾರ. ಕೊನೆಯ ಆರು ಒಲೆಯ ಮೇಲಿವೆ. ಹತ್ತೊಂಬತ್ತನೆಯದು, ಅವರ ಸ್ವಂತ ಮನೆಯದು, ತಣ್ಣನೆಯ ಉಗ್ರಾಣದ ಕಲ್ಲಿನ ಮೇಲೆ ಬಟ್ಟೆ ಮುಚ್ಚಿಕೊಂಡು ಕೂತಿದೆ. ಮಹಡಿಯ ಮೇಲೆ ಮಲಗಿರುವ ಗಂಡ ಕ್ಲಿಫ್ ಅದಕ್ಕೆ ಕೈ ಹಾಕಿಲ್ಲ.

ಹಡಗುಕಟ್ಟೆಯಲ್ಲಿ ಕೊಳವೆಗಳಿಗೆ ಆಸ್ಬೆಸ್ಟಾಸ್ ಕಲ್ನಾರು ಸುತ್ತುತ್ತಿದ್ದವರು ಕ್ಲಿಫ್. ಆ ಧೂಳು ಐವತ್ತು ವರ್ಷ ಎದೆಯಲ್ಲಿ ಸುಮ್ಮನಿದ್ದು ಈಗ ಎದ್ದಿದೆ. ಕ್ರಿಸ್ಮಸ್ ಎಂಬ ಮಾತನ್ನು ಡಾಕ್ಟರು ಎತ್ತಲೇ ಇಲ್ಲ. "ನಾನು ತಿನ್ನದೇ ಇರೋದನ್ನ ನಾನ್ಯಾಕೆ ಕಲಸ್ಲಿ" ಎನ್ನುವುದು ಭಾನುವಾರದಿಂದ ಅವರ ಒಂದೇ ಮಾತು.

ಪಕ್ಕದ ಮನೆಯ ಪಾಲೀನ್ ತಮ್ಮ ಪುಡಿಂಗ್ ಬೆಂದಿತೇ ಎಂದು ನೋಡಲು ಬಂದವರು ಉಗ್ರಾಣಕ್ಕೂ ಇಣುಕುತ್ತಾರೆ. ಬಟ್ಟೆ ಎತ್ತಿ ಮೂಸುತ್ತಾರೆ.

"ಹುಳಿ ವಾಸನೆ ಶುರುವಾಗಿದೆ ಕಣೇ ಮೇವಿಸ್. ಗುಳ್ಳೆನೂ ಬಂದಿದೆ."

"ಗೊತ್ತು. ಇವತ್ತು ರಾತ್ರಿ ದಾಟಲ್ಲ."

"ಅವನ ಹೆಸರು ಹೇಳಿ ಎಡಗೈಲಿ ಒಂದು ಸುತ್ತು ನೀನೇ ತಿರುಗಿಸಿಬಿಡು. ನಮ್ಮಮ್ಮ ಅಪ್ಪನಿಗೆ ಹಾಗೇ ಮಾಡ್ತಿದ್ದಳು."

"ಎಡಗೈ ಕಡಲಿಗೆ ಹೋದವ್ರಿಗೆ. ಇವನು ಮಹಡಿ ಮೇಲಿದಾನೆ. ಮನೇಲಿ ಇರೋವ್ನಿಗೆ ಹೇಗೆ ಎಡಗೈ ತಿರುಗಿಸ್ಲಿ?"

ಪಾಲೀನ್ ಬಟ್ಟೆಯನ್ನು ಮತ್ತೆ ಮುಚ್ಚುತ್ತಾರೆ. ಕುರ್ಚಿ ಎಳೆದುಕೊಂಡು, ಟೀ ಹಾಕು ಎನ್ನುತ್ತಾರೆ.

ಮಧ್ಯಾಹ್ನ ಎರಡು ಗಂಟೆಗೆ ಕೊನೆಯ ಆರೂ ಇಳಿಯುತ್ತವೆ. ಒಲೆ ಖಾಲಿ. ಮೇವಿಸ್ ಬೋಗುಣಿಯನ್ನು ಸೊಂಟಕ್ಕಾನಿಸಿ ಹದಿಮೂರು ಮೆಟ್ಟಿಲು ಹತ್ತುತ್ತಾರೆ, ನಡುವೆ ಒಮ್ಮೆ ನಿಂತು. ಈ ವಾರದಲ್ಲಿ ಇದು ನಾಲ್ಕನೆಯ ಸಲ.

"ಬಂದಳಪ್ಪಾ ಮತ್ತೆ" ಎನ್ನುತ್ತಾರೆ ಕ್ಲಿಫ್. ಮೂಗಿನಲ್ಲಿ ಆಮ್ಲಜನಕದ ಕೊಳವೆ, ತಲೆದಿಂಬಿನ ಮೇಲೆ ತಲೆದಿಂಬು. "ಕಡಲಕಾಗೆಗಳಿಗೆ ಹಾಕು ಹೋಗು, ಮುದುಕಿ. ಅವಾದ್ರೂ ತಿಂದುಕೊಳ್ಳಲಿ."

"ಕಾಗೆಗೂ ಅಜೀರ್ಣ ಆಗುತ್ತೆ. ಮಂಡಿ ಸರಿಸು, ಕೂತ್ಕೋತೀನಿ."

ಬೋಗುಣಿ ಕಂಬಳಿಯ ಮೇಲೆ ಕೂರುತ್ತದೆ. ಕಾಕಂಬಿಯ ಕಪ್ಪು, ಒಣದ್ರಾಕ್ಷಿ, ತುರಿದ ದನದ ಕೊಬ್ಬು, ಜಾಯಿಕಾಯಿ. ಕ್ಲಿಫ್ ಗೋಡೆಯತ್ತ ನೋಡುತ್ತಾರೆ.

"ಎರಡು ಮಾಡ್ತೀಯಾ, ಎಂದಿನ ಹಾಗೆ?"

"ಎರಡೇ. ಒಂದು ಈ ವರ್ಷಕ್ಕೆ. ಒಂದು ಹಣ್ಣಾಗೋಕೆ ಇಟ್ಟು ಮುಂದಿನ ವರ್ಷಕ್ಕೆ."

"ಈ ವರ್ಷದ್ದೇ ಯಾರಿಗೆ ಅಂತ ಗೊತ್ತಿಲ್ಲ. ಮುಂದಿನ ವರ್ಷದ್ದು ಯಾರು ತಿಂತಾರೆ?"

"ನಾನು."

"ಒಬ್ಬಳೇ?"

"ಒಬ್ಬಳೇ. ಅದಕ್ಕೇ ಕೇಳ್ತಿರೋದು ನಿನ್ನ." ಮೇವಿಸ್ ಸೌಟಿನ ಹಿಡಿಯನ್ನು ಸೊಂಟಕ್ಕೆ ಕಟ್ಟಿದ ಅಡುಗೆಬಟ್ಟೆಗೆ ಒರೆಸುತ್ತಾರೆ. "ಮುಂದಿನ ನವೆಂಬರಲ್ಲಿ ನಾನೊಬ್ಬಳೇ ಕಲಸಬೇಕು. ಅದು ಹೇಗಿರುತ್ತೋ ಗೊತ್ತಿಲ್ಲ, ಒಬ್ಬಳೇ ಕಲಸಿದ್ದನ್ನ ನಾನು ಯಾವತ್ತೂ ತಿಂದಿಲ್ಲ ಕ್ಲಿಫ್. ಆ ಒಂದು ಹಬ್ಬಕ್ಕಾದ್ರೂ ಇಬ್ಬರು ಕಲಸಿದ್ದು ಇರಲಿ ಮನೇಲಿ."

ಕೊಳವೆಯ ಗಾಳಿ ಸದ್ದು ಮಾಡುತ್ತದೆ. ಹೊರಗೆ ಯಾರೋ ಕಸದ ಡಬ್ಬಿ ಎಳೆದೊಯ್ಯುತ್ತಾರೆ. ಕ್ಲಿಫ್ ಕೈ ಚಾಚಲು ಬಹಳ ಹೊತ್ತು ಬೇಕಾಗುತ್ತದೆ, ಮೇವಿಸ್ ಸಹಾಯಕ್ಕೆ ಹೋಗುವುದಿಲ್ಲ. ಒಂದು ಸುತ್ತು. ಇನ್ನೊಂದರ ಅರ್ಧಕ್ಕೆ ಸೌಟು ನಿಲ್ಲುತ್ತದೆ, ಕೆಮ್ಮು ಬರುತ್ತದೆ, ಕೆಮ್ಮು ಇಳಿಯುತ್ತದೆ. ಉಳಿದರ್ಧ ಸುತ್ತು ಮುಗಿಯುತ್ತದೆ.

"ಕಲ್ಲಾಗಿದೆ ಇದು."

"ನಾಲ್ಕು ದಿನ ಕಾಯಿಸಿದ್ದು ಯಾರು?"

"ಕಪ್ಪು ಬಿಯರ್ ಒಂದು ಗುಟುಕು ಹಾಕು. ನಮ್ಮಮ್ಮ ಕೈ ಬಿಗಿ ಮಾಡ್ತಿರ್ಲಿಲ್ಲ."

"ನಿಮ್ಮಮ್ಮ ಅರ್ಧ ಬಾಟಲಿ ತಾನೇ ಕುಡೀತಿದ್ದಳು."

ಕ್ಲಿಫ್ ನಗುತ್ತಾರೆ. ನಗು ಮತ್ತೆ ಕೆಮ್ಮಾಗುತ್ತದೆ. ಏನು ಆಸೆ ಅಂದುಕೊಂಡರೆಂದು ಅವರು ಹೇಳುವುದಿಲ್ಲ, ಮೇವಿಸ್ ಕೇಳುವುದಿಲ್ಲ. ಕೇಳುವ ಪದ್ಧತಿ ಇಲ್ಲ.

ಕೆಳಗೆ ಪಾಲೀನ್ ಇನ್ನೂ ಕೂತಿದ್ದಾರೆ, ಟೀ ಆರಿದೆ. ಮೇವಿಸ್ ಬಿಯರ್ ಸುರಿದು ಹದ ಮಾಡಿ, ಎರಡು ಬೋಗುಣಿಗಳಿಗೆ ತುಂಬುತ್ತಾರೆ. ಎರಡೂ ದೊಡ್ಡವೇ. ಚಿಕ್ಕ ಬೋಗುಣಿ ಸಾಕಲ್ಲವೇ ಎಂದು ಪಾಲೀನ್ ಬಾಯಿ ತೆರೆದವರು ಬೇರೆಯೇ ಕೇಳುತ್ತಾರೆ:

"ಎಷ್ಟು ಸುತ್ತು?"

"ಎರಡು." ಮೇವಿಸ್ ಒಲೆ ಹಚ್ಚುತ್ತಾರೆ. "ನಲವತ್ತೊಂಬತ್ತು ವರ್ಷ ಆಯ್ತು ನಾನು ಈ ಒಲೆ ಮುಂದೆ ನಿಂತು. ಮನೇಲಿ ಇದ್ದವರ ಕೈ ತಪ್ಪಿಸಿ ಒಂದೂ ಬೇಯಿಸಿಲ್ಲ ಕಣೇ ಪಾಲೀನ್. ಒಂದೂ."